ಮಳೆ ಬಂದ ದಿನ ಹೊಟ್ಟೆನೋವು

ಹೊಸನಗರ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮಗು ಇದು. ಹೆಸರು, ಮನೆಯವರ ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ, ತಾಯಿ ಹತ್ರ ಕೇಳ್ಕೊಂಡೇ ಬರೀತಿರೋದು. ಮಗುನ ಚೈತ್ರ ಅಂತ ಕರೆಯೋಣ. ನಾಲ್ಕನೇ ಕ್ಲಾಸು, ಒಂಬತ್ತು ವರ್ಷ. ಅಪ್ಪ ಕೊನೆಗೌಡ, ಅಂದ್ರೆ ಅಡಿಕೆ ಮರ ಹತ್ತಿ ಕೊನೆ ತೆಗೆಯೋರು, ಮಳೆಗಾಲದಲ್ಲಿ ತೋಟಗಳಿಗೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯೋಕೆ ಹೋಗ್ತಾರೆ. ಅಮ್ಮ ಆಗ ಗದ್ದೆ ನೆಟ್ಟಿಗೆ, ಆಮೇಲೆ ಸುಗ್ಗಿ ಶುರುವಾದ್ರೆ ಅಡಿಕೆ ಸುಲಿಯೋಕೆ.

ನಾನು ಶಾಲೆ ಮಕ್ಕಳಿಗೆ ಕೌನ್ಸೆಲಿಂಗ್ ಮಾಡೋಳು, ಜುಲೈಯಲ್ಲಿ ಹೆಡ್ಮೇಷ್ಟ್ರು ಫೋನ್ ಮಾಡಿದ್ರು. ಮೂರನೇ ಕ್ಲಾಸ್ ತನಕ ಚೆನ್ನಾಗೇ ಇದ್ದ ಹುಡುಗಿ, ಈಗ ವಾರದಲ್ಲಿ ಎರಡು ಮೂರು ದಿನ ಹೊಟ್ಟೆನೋವು ಅಂತ ಬರೋದೇ ಇಲ್ಲ, ಬಂದ್ರೂ ಹೇಳಿದ ಮಾತು ಕೇಳಲ್ಲ, ಕರೆದ್ರೆ ತಿರುಗಿ ನೋಡಲ್ಲ, ಬಹಳ ಹಠ, ಮನೆಯವ್ರು ಮೂರು ಸಲ ಕರೆಸಿದ್ರೂ ಬಂದಿಲ್ಲ ಮೇಡಂ, ಅವ್ರಿಗೆ ಮಗು ಬಗ್ಗೆ ಕಾಳಜಿನೇ ಇಲ್ಲ ಅಂದ್ರು.

ನಾನು ಮೊದಲೆರಡು ಸಿಟ್ಟಿಂಗ್ ಮನೆ ವಿಷಯದಲ್ಲೇ ಕಳೆದುಬಿಟ್ಟೆ. ಅಪ್ಪ ಕುಡೀತಾರಾ, ಜಗಳ ಇದ್ಯಾ, ಯಾರಾದ್ರೂ ಹೆದರಿಸಿದಾರಾ ಅಂತ. ಇದೆಲ್ಲ ಕೇಳಲೇಬೇಕು, ಆದ್ರೆ ನಾನು ಅದಕ್ಕಿಂತ ಮುಂಚೆ ನೋಡಬೇಕಾಗಿದ್ದನ್ನ ನೋಡಿರಲಿಲ್ಲ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತೆ.

ಮೂರನೇ ಸಲ ಹೋದಾಗ ಹಾಜರಿ ಪುಸ್ತಕ ಕೇಳಿ ತಗೊಂಡೆ. ಗೈರಾದ ದಿನಗಳನ್ನ ನೋಡ್ತಾ ಟೀಚರ್ ಹತ್ರ ಮಾತಾಡಿದಾಗ ಗೊತ್ತಾಯ್ತು, ಹೆಚ್ಚುಕಮ್ಮಿ ಎಲ್ಲವೂ ಜೋರು ಮಳೆ ಹೊಡೆದ ದಿನಗಳೇ. ಹಳ್ಳ ತುಂಬಿ ಸಂಕ (ಕಾಲುಸೇತುವೆ) ದಾಟೋಕಾಗಲ್ಲ, ಮಕ್ಕಳು ಬರಲ್ಲ, ಅದು ಇಲ್ಲಿ ಮಾಮೂಲು ಅಂತ ಅವ್ರು ಅಂದ್ಕೊಂಡಿದ್ರು. ಆದ್ರೆ ಚೈತ್ರಳ ಮನೆ ಹಳ್ಳದ ಈಚೆ ಇದೆ, ಸಂಕನೇ ಇಲ್ಲ ಆ ದಾರೀಲಿ.

ಆಮೇಲೆ ನೋಟ್‌ಬುಕ್ ನೋಡಿದೆ. ಬೋರ್ಡ್ ನೋಡಿ ಬರೆದದ್ದು ಮುತ್ತು ಪೋಣಿಸಿದ ಹಾಗಿದೆ. ಅದೇ ವಾರದ ಉಕ್ತಲೇಖನದಲ್ಲಿ 'ಮಳೆ' ಅಂದಿದ್ದಕ್ಕೆ 'ಬಳೆ', 'ಕಪ್ಪೆ'ಗೆ 'ತಪ್ಪೆ', ಕೆಲವು ಕಡೆ ಖಾಲಿ ಬಿಟ್ಟು ಮುಂದಕ್ಕೆ ಹೋಗಿದಾಳೆ. ಅಷ್ಟು ಹೊತ್ತಿಗೆ ಮಳೆ ಶುರುವಾಯ್ತು. ಆ ರೂಮಿಗೆ ತಗಡಿನ ಶೀಟು. ಮಲೆನಾಡ ಮಳೆ ಶೀಟಿನ ಮೇಲೆ ಬಿದ್ರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ, ಗೊತ್ತಲ್ಲ. ಚೈತ್ರ ಜಗಲೀಲಿ ಕೂತು ಚಿತ್ರ ಬಿಡಿಸ್ತಿದ್ಲು, ನಾನು ಹಿಂದಿನಿಂದ ಎರಡು ಸಲ ಹೆಸರು ಕರೆದೆ, ಅಲ್ಲಾಡ್ಲಿಲ್ಲ. ಮುಂದೆ ಹೋಗಿ ಕೂತು ಮಾತಾಡಿದ್ರೆ ಕಣ್ಣು ನನ್ನ ಕಣ್ಣಲ್ಲಿ ಇಲ್ಲ, ತುಟಿ ಮೇಲಿದೆ. ಬಲಗಿವಿ ಸ್ವಲ್ಪ ಮುಂದಕ್ಕೆ ತರ್ತಾಳೆ. ಎಡಗಿವೀಲಿ ಹತ್ತಿ ಇತ್ತು, ಬೆಳ್ಳುಳ್ಳಿ ಎಣ್ಣೆ ವಾಸನೆ, ಅದರ ಜೊತೆಗೆ ಇನ್ನೊಂದು ಕೆಟ್ಟ ವಾಸನೆ. "ಕಿವಿ ಸೋರ್ತದಾ ಪುಟ್ಟಿ?" ಅಂದೆ. "ಮಳೆಗಾಲದಲ್ಲಿ ಯಾವಾಗ್ಲೂ ಸೋರ್ತದೆ ಮಿಸ್" ಅಂದ್ಲು, ಎಲ್ಲರಿಗೂ ಸೋರುತ್ತೆ ಅನ್ನೋ ಥರ.

ನಾವೆಲ್ಲ ಹೇಳಿದ್ದು ಮಾತು ಕೇಳಲ್ಲ ಅಂತ. ಅವಳಿಗೆ ನಿಜವಾಗ್ಲೂ ಕೇಳ್ತಿರಲಿಲ್ಲ.

ಮತ್ತೆ ಮೂರನೇ ಕ್ಲಾಸ್ ತನಕ ಯಾಕೆ ಗೊತ್ತಾಗ್ಲಿಲ್ಲ ಅಂದ್ರೆ, ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಇದು, ಒಂದರಿಂದ ಮೂರು ಒಟ್ಟಿಗೆ ಕೂರ್ತಾರೆ, ಕಾರ್ಡು, ಚಿತ್ರ ಇಟ್ಕೊಂಡು ಗುಂಪು ಮಾಡಿ ಟೀಚರ್ ಮಕ್ಕಳ ಮಧ್ಯದಲ್ಲೇ ನೆಲದ ಮೇಲೆ ಕೂರ್ತಾರೆ. ಕೇಳದೇ ಇದ್ರೂ ಪಕ್ಕದವಳನ್ನ ನೋಡಿ ಮಾಡ್ಬೋದು. ನಾಲ್ಕಕ್ಕೆ ಬಂದ ಕೂಡ್ಲೇ ಪಠ್ಯಪುಸ್ತಕ, ಬೆಂಚು, ಎತ್ತರ ಇದಾಳೆ ಅಂತ ಹಿಂದಿನ ಸಾಲು, ಬೆಳಿಗ್ಗೆ ಮೊದಲ ಪೀರಿಯಡ್ಡೇ ಉಕ್ತಲೇಖನ. ತಪ್ಪಾದ್ರೆ ಬಾಗಿಲ ಹೊರಗೆ ನಿಲ್ಲಿಸ್ತಿದ್ರು. ಹೊಟ್ಟೆ ನೋಯದೆ ಇನ್ನೇನಾಗುತ್ತೆ ಹೇಳಿ. ಅದು ನಾಟಕ ಅಲ್ವೇ ಅಲ್ಲ, ಭಯಕ್ಕೆ ಮಕ್ಕಳ ಹೊಟ್ಟೆ ನಿಜವಾಗಿ ನೋಯುತ್ತೆ.

ಟೀಚರ್ ಹತ್ರ ಒಬ್ಬರೇ ಇದ್ದಾಗ ಮಾತಾಡಿದೆ. ಆರ್.ಟಿ.ಇ. (ಶಿಕ್ಷಣ ಹಕ್ಕು) ಕಾಯ್ದೆ 2009ರ 17ನೇ ಸೆಕ್ಷನ್ ಹೊಡೆಯೋದರ ಜೊತೆಗೆ ಮಾನಸಿಕ ಹಿಂಸೆನೂ ನಿಷೇಧಿಸುತ್ತೆ, ಹೊರಗೆ ನಿಲ್ಲಿಸಿ ಅವಮಾನ ಮಾಡೋದೂ ಬೇಡ ಅಂತ ಹೇಳಲೇಬೇಕಿತ್ತು, ಹೇಳಿದೆ. ಅವ್ರು ಅತ್ತುಬಿಟ್ರು. ಎರಡು ಕ್ಲಾಸು ಒಬ್ಬರೇ ನೋಡ್ತಾರೆ ಪಾಪ, ಕೆಟ್ಟ ಮನುಷ್ಯರಲ್ಲ.

ತಾಯಿನ ನೋಡೋಕೆ ನಾನೇ ಸಂಜೆ ಮನೆಗೆ ಹೋದೆ. ಅವ್ರು ಗದ್ದೆಯಿಂದ ಬಂದು ಬಚ್ಚಲೊಲೆಗೆ ಬೆಂಕಿ ಹಾಕ್ತಿದ್ರು, ಕಾಲಲ್ಲಿ ಇಂಬಳ ಕಚ್ಚಿದ ಜಾಗದಿಂದ ಇನ್ನೂ ರಕ್ತ ಇಳೀತಿತ್ತು. "ಹನ್ನೊಂದು ಗಂಟೆಗೆ ಬಾ ಅಂದ್ರೆ ನೆಟ್ಟಿ ಬಿಟ್ಟು ಹೆಂಗೆ ಬರದು ಅಕ್ಕ, ಒಂದಿನದ ಕೂಲಿ ಹೋಗ್ತದೆ. ಮತ್ತೆ ಶಾಲಿಂದ ಫೋನ್ ಬಂತು ಅಂದ್ರೆ ನಂಗೆ ಎದೆ ಧಸಕ್ ಅಂತದೆ. ಇಷ್ಟು ವರ್ಷದಲ್ಲಿ ನಿಮ್ಮ ಮಗಳು ಇಂಥದ್ದು ಚಂದ ಮಾಡಿದ್ಲು ಅಂತ ಒಂದು ಫೋನ್ ಬಂದಿಲ್ಲ ಮಾರಾಯ್ರೇ." ಡೈರೀಲಿ ಟೀಚರ್ ಬರೆದು ಕಳಿಸ್ತಿದ್ದದ್ದು? ಅಮ್ಮನಿಗೆ ಓದೋಕೆ ಬರಲ್ಲ. ಓದಿ ಹೇಳ್ತಿದ್ದೋಳು ಚೈತ್ರನೇ.

ಮನೆಯವ್ರಿಗೆ ನಾನು ಹೇಳಿದ್ದು ಇಷ್ಟು. ಕಿವಿಗೆ ಇನ್ನು ಎಣ್ಣೆ ಬಿಡ್ಬೇಡಿ, ಬೆಳ್ಳುಳ್ಳಿ ಕಾಯಿಸಿದ್ದಾಗ್ಲಿ ಯಾವುದೇ ಆಗ್ಲಿ, ಕಿವಿ ತಮಟೆ (ಒಳಗಿನ ಪೊರೆ) ತೂತಾಗಿದ್ರೆ ಅದು ಒಳಗೇ ಇಳಿಯುತ್ತೆ. ಕಡ್ಡಿ, ಪಿನ್ನು ಹಾಕ್ಬೇಡಿ. ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿ ಬಾಯಿಗೆ ಇಡಿ, ನೀರು ಹೋಗ್ಬಾರ್ದು. ಹೊಟ್ಟೆನೋವು ಅಂದಾಗ ಸುಳ್ಳು ಹೇಳ್ತೀಯ ಅಂತ ಗದರಿಸ್ಬೇಡಿ, ಯಾವ ಪೀರಿಯಡ್ಡಿಗೆ ಹೆದರಿಕೆ ಅಂತ ಕೇಳಿ. ಮತ್ತೆ ಶಿವಮೊಗ್ಗ ಮೆಗ್ಗಾನ್ ಆಸ್ಪತ್ರೇಲಿ ಇ.ಎನ್.ಟಿ. ಡಾಕ್ಟ್ರಿಗೆ ತೋರಿಸಲೇಬೇಕು, ಕೇಳಿಸೋ ಟೆಸ್ಟು ಮಾಡಿಸಬೇಕು. ಒಂದು ಶನಿವಾರ ಅಪ್ಪನೇ ಕರ್ಕೊಂಡು ಹೋದ್ರು, ಮಳೆ ಇದ್ದಿದ್ರಿಂದ ಬೋರ್ಡೋ ಕೆಲ್ಸ ಇರಲಿಲ್ಲ. ಎಡಗಿವಿ ತಮಟೇಲಿ ತೂತು, ಸೋಂಕು, ಬಲಗಿವೀಲೂ ಸ್ವಲ್ಪ ಕಮ್ಮಿ ಕೇಳುತ್ತೆ ಅಂತ ಬಂತು. ಡ್ರಾಪ್ಸ್, ಮಾತ್ರೆ ಕೊಟ್ರು.

ಇಲ್ಲಿ ಒಂದು ಮಾತು. ಆರ್.ಬಿ.ಎಸ್.ಕೆ. (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಅಂತ 2013ರಿಂದ ಇರೋ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮದಲ್ಲಿ ಡಾಕ್ಟ್ರ ಟೀಮು ಸರ್ಕಾರಿ ಶಾಲೆಗೆ ವರ್ಷಕ್ಕೊಂದ್ಸಲ, ಅಂಗನವಾಡಿಗೆ ಎರಡ್ಸಲ ಬರುತ್ತೆ, ಅವ್ರು ನೋಡೋ ತೊಂದ್ರೆಗಳಲ್ಲಿ ಕಿವಿ ಸೋರೋದೂ ಇದೆ, ಕೇಳದೇ ಇರೋದೂ ಇದೆ. ಈ ಶಾಲೆಗೂ ಬಂದಿತ್ತು. ಅವತ್ತು ಚೈತ್ರ ಗೈರು. ಟೀಚರುಗಳೇ, ಆ ದಿನ ಬರದ ಮಕ್ಕಳ ಪಟ್ಟಿ ದಯವಿಟ್ಟು ಬೇರೆ ಬರೆದಿಟ್ಕೊಳ್ಳಿ, ಪದೇ ಪದೇ ಗೈರಾಗೋ ಮಗುವಿಗೇ ತಪಾಸಣೆ ಹೆಚ್ಚು ಬೇಕಾಗಿರುತ್ತೆ.

ಕ್ಲಾಸ್‌ರೂಮಲ್ಲಿ ಬದಲಾದದ್ದು ದುಡ್ಡು ಖರ್ಚಾಗೋ ವಿಷಯ ಒಂದೂ ಇಲ್ಲ. ಮೊದಲ ಸಾಲಲ್ಲಿ ಟೀಚರ್ ಕಡೆಗೆ ಬಲಗಿವಿ ಬರೋ ಹಾಗೆ ಕೂರಿಸಿದ್ರು. ಬೋರ್ಡಿಗೆ ಮುಖ ಮಾಡ್ಕೊಂಡು ಮಾತಾಡೋದು ಬಿಟ್ರು, ಇದು ಅಭ್ಯಾಸ ಆಗೋಕೆ ಸುಮಾರು ದಿನ ಬೇಕಾಯ್ತಂತೆ. ಪ್ರಶ್ನೆ ಕೇಳೋ ಮುಂಚೆ ಹೆಸರು ಹೇಳಿ, ಅವಳು ನೋಡಿದ ಮೇಲೆ ಕೇಳೋದು. ಮಳೆ ಜೋರಾದ್ರೆ ಉಕ್ತಲೇಖನ ಇಲ್ಲ, ಬೋರ್ಡ್ ಮೇಲಿನ ಕೆಲಸ, ಎಲ್ಲ ಮಕ್ಕಳಿಗೂ. ಅದರಿಂದ ಹಿಂದಿನ ಸಾಲಿನ ಇನ್ನಿಬ್ಬರು ಹುಡುಗ್ರದ್ದೂ ಬರವಣಿಗೆ ಸುಧಾರಿಸ್ತು ಅಂತ ಟೀಚರೇ ಹೇಳಿದ್ರು.

ಹೆಡ್ಮೇಷ್ಟ್ರಿಗೆ ಹೇಳಿದ್ದು, ಡೈರಿ ಓದೋಕಾಗದ ಮನೆಗಳಿಗೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿ, ಮೊದಲ ಮೆಸೇಜಲ್ಲಿ ಕಂಪ್ಲೇಂಟ್ ಬೇಡವೇ ಬೇಡ. ಟೀಚರ್ ಕಳಿಸಿದ ಮೊದಲ ಮೆಸೇಜು, ಚೈತ್ರ ಇವತ್ತು ಕಪ್ಪೆ ಚಿತ್ರ ಚೆನ್ನಾಗಿ ಬಿಡಿಸಿದಾಳೆ ಅಂತ ಅಷ್ಟೇ. ಆ ತಾಯಿ ಅದನ್ನ ನೆಟ್ಟಿಗೆ ಬಂದವ್ರಿಗೆಲ್ಲ ಕೇಳಿಸಿದ್ರು. ಪೋಷಕರ ಸಭೆನೂ ಸಂಜೆ ಆರಕ್ಕೆ ಇಟ್ಟು ನೋಡಿ ಅಂದೆ. ನವೆಂಬರಲ್ಲಿ ಅಡಿಕೆ ಸುಲಿಯೋ ಚಪ್ಪರದಲ್ಲೇ ಒಂದು ಸಭೆ ಆಯ್ತು, ಮೆಟ್ಟುಗತ್ತಿ ಮೇಲೆ ಕೈ ಓಡ್ತಾನೇ ಇತ್ತು, ಸುಲಿದಷ್ಟಕ್ಕೇ ದುಡ್ಡಲ್ವಾ, ಆದ್ರೆ ಹನ್ನೆರಡು ಜನ ತಾಯಂದಿರು ಮಾತಾಡಿದ್ರು. ಎಸ್.ಡಿ.ಎಂ.ಸಿ.ಯಲ್ಲಿ (ಶಾಲಾಭಿವೃದ್ಧಿ ಸಮಿತಿ) ತಾವೂ ಕೂರಬಹುದು ಅಂತ ಅವ್ರಲ್ಲಿ ಸುಮಾರು ಜನಕ್ಕೆ ಅವತ್ತೇ ಗೊತ್ತಾಗಿದ್ದು.

ಚೈತ್ರಳ ಕಿವಿ ಈಗ ಒಣಗಿದೆ, ತೂತು ಹಾಗೇ ಇದೆ, ಆಪರೇಷನ್ ಬೇಕಾ ಅಂತ ಮುಂದೆ ನೋಡೋಣ ಅಂದಿದಾರೆ ಡಾಕ್ಟ್ರು. ದಸರಾ ರಜೆ ಮುಗಿದ ಮೇಲೆ ಹೊಟ್ಟೆನೋವು ಒಂದ್ಸಲ ಬಂತು, ಅದು ಗಣಿತದ ಟೆಸ್ಟಿನ ದಿನ. ಅವಳನ್ನ ಎಲ್ಲಿ ಕೂರಿಸಬೇಕು, ಹೆಂಗೆ ಮಾತಾಡಬೇಕು ಅಂತ ಟೀಚರ್ ಒಂದು ಹಾಳೆ ಬರೆದಿಟ್ಟಿದಾರೆ, ಜೂನ್‌ನಲ್ಲಿ ಐದನೇ ಕ್ಲಾಸಿನವ್ರ ಕೈಗೆ ಅದನ್ನ ಹೆಡ್ಮೇಷ್ಟ್ರು ಕೊಡ್ತಾರೆ. ಆ ರೂಮಿಗೂ ಶೀಟೇ ಇರೋದು, ಮಳೆ ಹಿಡಿಯೋ ಮೊದಲು ನಾನೂ ಒಂದಿನ ಹೋಗಿ ಕ್ಲಾಸಲ್ಲಿ ಕೂತು ಬರ್ತೀನಿ.