ಗಾಯವಿಲ್ಲ, ಕೂಗಲಿಲ್ಲ ಅಂದರೆ ಅತ್ಯಾಚಾರದ ಕೇಸ್ ದಾಖಲಾಗುತ್ತದೆಯೇ?

ಸಿಂಧನೂರಿನ ರೈಸ್ ಮಿಲ್ ಕೆಲಸಗಾರ್ತಿಯ ಬಗ್ಗೆ ಕೇಳಿದ್ದೀರಿ: ಮೈಮೇಲೆ ಗಾಯವಿಲ್ಲ, ಕೆಲಸದಿಂದ ತೆಗೆಯುವ ಬೆದರಿಕೆ ಹಾಕಿ ಮೇಸ್ತ್ರಿ ಅತ್ಯಾಚಾರ ಮಾಡಿದ್ದಾನೆ. ಕೇಸ್ ಖಂಡಿತ ದಾಖಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಪ್ರಕಾರ ಸಮ್ಮತಿ ಸ್ಪಷ್ಟವಾಗಿರಬೇಕು, ಸ್ವಇಚ್ಛೆಯದಾಗಿರಬೇಕು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯುವಂತಿಲ್ಲ.

ಎಡವುವುದು ಇಲ್ಲಿ: ಭಯ ಹುಟ್ಟಿಸಿ ಪಡೆದ ಒಪ್ಪಿಗೆ ಎನ್ನುವ ಷರತ್ತಿಗೆ ಸಾವಿನ ಅಥವಾ ಪೆಟ್ಟಿನ ಭಯವೇ ಬೇಕು, ಕೂಲಿ ಹೋಗುವ ಭಯ ಸಾಲದು. ಹಾಗಾಗಿ ದೂರಿನಲ್ಲಿ 'ನಾನು ಒಪ್ಪಿರಲಿಲ್ಲ' ಎಂಬುದು ಅವಳದೇ ಮಾತಿನಲ್ಲಿ ಬರಲಿ, ಮೇಸ್ತ್ರಿಗೆ ಅವಳ ಮೇಲಿದ್ದ ಹಿಡಿತವೂ ಬರಲಿ. ಹೆಣ್ಣಿನ ಮೇಲೆ ಹಿಡಿತ ಹೊಂದಿರುವವನು ಅತ್ಯಾಚಾರ ಮಾಡಿದರೆ ಅದೇ ಸಂಹಿತೆಯ 64(2)ನೇ ಕಲಂ, ಕನಿಷ್ಠ 10 ವರ್ಷ ಜೈಲು.

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬಟ್ಟೆ ಒಗೆಯಬೇಡಿ, ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವಕ್ಕೆ ಸಾಕ್ಷ್ಯ ಕೆಡುತ್ತದೆ.