ನಿಷೇಧಿತ ಪಟ್ಟಿಯಲ್ಲಿ ಇಲ್ಲದ ನೋವಿನ ಮಾತ್ರೆ ನುಂಗಿ ಸೈಕಲ್ ರೇಸಿಗೆ ಇಳಿದರೆ ಅದು ಮೋಸವೇ?

‘ಪಟ್ಟಿಯಲ್ಲಿ ಇಲ್ಲ, ಧೈರ್ಯವಾಗಿ ತೆಗೆದುಕೋ’ ಎಂದು ಕೋಚ್ ನೋವಿನ ಮಾತ್ರೆ ಕೊಟ್ಟಿದ್ದಾರೆ, ಇದು ಮೋಸವೇ ಎಂದು ನೀವು ಕೇಳಿದ್ದೀರಿ. ಅದೇ ಮಾತನ್ನು 2016ರಲ್ಲಿ ಹಿರಿಯ ಸವಾರರೊಬ್ಬರು ನನಗೆ ಹೇಳಿದ್ದರು. ಮಾತ್ರೆ ಟ್ರಮಡಾಲ್, ಬಲವಾದ ನೋವು ನಿವಾರಕ. ವಿಜಯಪುರದ ಬಿಸಿಲಿನಲ್ಲಿ 100 ಕಿಲೋಮೀಟರ್ ದಾಟಿದ ಮೇಲೆ ತೊಡೆ ಉರಿಯುತ್ತದಲ್ಲ, ಆ ಉರಿ ಬೇರೆ ಯಾರದೋ ಕಾಲಿನದು ಎನ್ನಿಸುತ್ತಿತ್ತು. ನನಗೆ ಗಾಯವಿರಲಿಲ್ಲ, ಕಾಯಿಲೆಯಿರಲಿಲ್ಲ. ವರ್ಷವಿಡೀ ನುಂಗಿದೆ. ಒಂದು ನಿಯಮವನ್ನೂ ಮುರಿಯಲಿಲ್ಲ.

ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಕೆಮ್ಮಿನ ಸಿರಪ್‌ನಿಂದ! ಔಷಧ ಅಂಗಡಿಯಲ್ಲಿ ಕೊಟ್ಟ ಬಾಟಲಿಯಲ್ಲಿ ಉಸಿರಾಟ ಸರಾಗಗೊಳಿಸುವ ಟರ್ಬುಟಲಿನ್ ಇತ್ತು. ಅದು ರೇಸ್ ಇರಲಿ, ಬಿಡಲಿ, ಸದಾ ನಿಷಿದ್ಧ. ಲೇಬಲ್ ಓದದೇ ಇದ್ದದ್ದು ತಪ್ಪೇ, ಆದರೆ ನನ್ನನ್ನು ಮುಳುಗಿಸಿದ್ದು ಅದಲ್ಲ.

ಮೂತ್ರದ ಮಾದರಿ ಕೊಡುವಾಗ ಒಂದು ಫಾರಂ ತುಂಬಬೇಕು. ಕಳೆದ 7 ದಿನಗಳಲ್ಲಿ ತೆಗೆದುಕೊಂಡ ಔಷಧಗಳನ್ನೆಲ್ಲ ಅದರಲ್ಲಿ ಬರೆಯಬೇಕು. ಸಿರಪ್ ನೆನಪಿತ್ತು. ಆದರೆ ಅದನ್ನು ಬರೆದು ಟ್ರಮಡಾಲನ್ನು ಬಿಡುವುದು ಹೇಗೆ? ಎದುರಿಗೆ ಕುಳಿತಿದ್ದ ಅಧಿಕಾರಿಗೆ ನನ್ನ ಅಪ್ಪನ ವಯಸ್ಸು. ಅವರು ಅದನ್ನು ಓದಿ ತಲೆಯೆತ್ತಿ ‘ಎಲ್ಲಿ ನೋವಪ್ಪಾ?’ ಎಂದು ಕೇಳಿದರೆ? ಬರೆದರೆ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಕಾನೂನು ನನ್ನ ಕಡೆಗೇ ಇತ್ತು. ಆದರೂ ನಾಚಿಕೆಯಾಯಿತು. ‘ಯಾವುದೂ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಟ್ರಮಡಾಲನ್ನು ಮುಚ್ಚಿಡಲು ಹೋಗಿ, ನನ್ನನ್ನು ಕಾಪಾಡಬಹುದಾಗಿದ್ದ ಸಿರಪ್‌ನ ಹೆಸರನ್ನೂ ಹೂತುಹಾಕಿದೆ. ವಿಚಾರಣೆಯಲ್ಲಿ ಕೆಮ್ಮಿನ ಕಥೆ ತೆಗೆದಾಗ ವಿಚಾರಣೆ ನಡೆಸುತ್ತಿದ್ದವರು ಸುಮ್ಮನೆ ಆ ಫಾರಂ ಅನ್ನು ನನ್ನ ಮುಂದಿಟ್ಟರು. 2 ವರ್ಷ ನಿಷೇಧ. ಬರೆದಿದ್ದರೆ ಶಿಕ್ಷೆ ತಗ್ಗಿಸಲು ದಾರಿಯಿತ್ತು ಎಂದರು ವಕೀಲರು. ಅವರ ಶುಲ್ಕಕ್ಕೆ ಸೈಕಲ್ಲನ್ನೇ ಮಾರಿದೆ.

ಆದ್ದರಿಂದ ‘ಪಟ್ಟಿಯಲ್ಲಿ ಇದೆಯೇ’ ಎಂಬ ನಿಮ್ಮ ಅಳತೆಗೋಲನ್ನೇ ನಾನು ಒಪ್ಪುವುದಿಲ್ಲ. ಮಿತಿ ಮೀರಿದ ಕೆಫೀನ್ 2003ರವರೆಗೆ ಅಪರಾಧ, 2004ರಿಂದ ಅಲ್ಲ. ಟ್ರಮಡಾಲನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯಾದ ಯುಸಿಐ 2019ರ ಮಾರ್ಚ್‌ನಲ್ಲಿ ರೇಸ್‌ಗಳಿಂದ ಹೊರಹಾಕಿತು. ಎಲ್ಲ ಕ್ರೀಡೆಗಳ ನಿಷೇಧಿತ ಪಟ್ಟಿ ಹೊರಡಿಸುವ ವಾಡಾ ಅದನ್ನು ರೇಸ್‌ಗಳಲ್ಲಿ ನಿಷೇಧಿಸಿದ್ದು 2024ರಲ್ಲಿ. 2022ರ ಟೂರ್ ಡಿ ಫ್ರಾನ್ಸ್‌ನಲ್ಲಿ ಕೊಲಂಬಿಯಾದ ಸವಾರ ನೈರೊ ಕಿಂಟಾನಾ 6ನೇ ಸ್ಥಾನ ಕಳೆದುಕೊಂಡದ್ದು ಅದರಿಂದಲೇ. ತಾನು ತೆಗೆದುಕೊಂಡಿಲ್ಲ ಎಂದು ಅವರು ವಾದಿಸಿದ್ದು ಬೇರೆ ಮಾತು. ನಾನು ನುಂಗಿದ್ದೂ ಅದೇ ಮಾತ್ರೆ, ಯುಸಿಐ ನಿಷೇಧಕ್ಕೆ ಮೂರು ವರ್ಷ ಮುಂಚೆ ನುಂಗಿದೆ, ಅಷ್ಟೇ.

ಕೋಚ್ ಕೊಟ್ಟ ಮಾತ್ರೆಯ ಹೆಸರನ್ನು ಇಂದೇ ಒಂದು ಹಾಳೆಯ ಮೇಲೆ ಬರೆದು, ‘ಯಾವ ನೋವಿಗೆ’ ಎಂಬುದನ್ನೂ ಕೆಳಗೆ ಬರೆದು, ಅವರ ಸಹಿ ಕೇಳಿ. ಹಾಕದಿದ್ದರೆ ಮಾತ್ರೆಯನ್ನು ಅಲ್ಲೇ ಹಿಂತಿರುಗಿಸಿ. ಮತ್ತೆ, ಕೆಮ್ಮು ಬಂದರೆ ಬಾಟಲಿಯ ಲೇಬಲ್ ಓದಿ.