ಹೊಲದ ಪ್ರಶ್ನೆ: ಮಳೆ ತಡವಾದರೆ ಯಾವ ಬೀಜ?

ಪ್ರಶ್ನೆ: ನಮ್ಮದು ಆರು ಎಕರೆ ಮಸಾರಿ (ಕೆಂಪು ಮಣ್ಣಿನ) ಭೂಮಿ, ಒಣಬೇಸಾಯ. ಮೊದಲೆಲ್ಲ ಮೃಗಶಿರಾ ಮಳೆಗೆ ಹೆಸರು, ಸಜ್ಜೆ ಬಿತ್ತುತ್ತಿದ್ದೆವು. ಈಗೀಗ ಹದವಾದ ಮಳೆ ಜುಲೈ ಕೊನೆಗೆ ಬರುತ್ತಿದೆ. ಎರಡು ವರ್ಷದಿಂದ ಹೆಸರು ಗಿಡದಲ್ಲೇ ಮೊಳಕೆ ಒಡೆದು ಹಾಳಾಯಿತು. ಏನು ಬಿತ್ತಬೇಕು?
– ಕುಷ್ಟಗಿ ತಾಲ್ಲೂಕಿನ ಓದುಗರು

ಉತ್ತರ: ಕೆಟ್ಟದ್ದು ಬೀಜವಲ್ಲ, ತಾರೀಕು. ಹೆಸರು 65ರಿಂದ 70 ದಿನದ ಬೆಳೆ. ಜೂನ್ 10ಕ್ಕೆ ಬಿತ್ತಿದರೆ ಆಗಸ್ಟ್ 20ರೊಳಗೆ ಬಿಡಿಸಿ ಮುಗಿಯುತ್ತದೆ. ಜುಲೈ 25ಕ್ಕೆ ಬಿತ್ತಿದರೆ ಕಾಯಿ ಒಣಗುವುದು ಸೆಪ್ಟೆಂಬರ್ ಕೊನೆಗೆ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಮಳೆ ಸುರಿಯುವ ತಿಂಗಳೇ ಅದು. ಜುಲೈ ಮೊದಲ ವಾರ ದಾಟಿತೆಂದರೆ ಹೆಸರಿನ ಚೀಲ ಕಟ್ಟಿ ಅಟ್ಟಕ್ಕೆ ಇಡಿ, ಅದನ್ನು ಬಿತ್ತುವ ಆಸೆ ಬೇಡ.

ಜುಲೈ ಕೊನೆಯವರೆಗೂ ಸಜ್ಜೆ ನಡೆಯುತ್ತದೆ. ಎಕರೆಗೆ ಒಂದೂವರೆಯಿಂದ ಎರಡು ಕೆಜಿ ಬೀಜ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ. ತಡವಾಗಿ ಬಿತ್ತಿದ ಸಜ್ಜೆ ಹೂವಾಡುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದರೆ ತೆನೆಯಲ್ಲಿ ಜೇನಿನಂಥ ಅಂಟು ಒಸರುವ ರೋಗ ಬರುತ್ತದೆ. ಆಮೇಲೆ ಕಾಳಿನ ಜಾಗದಲ್ಲಿ ಕಪ್ಪು ಗಂಟು ನಿಲ್ಲುತ್ತದೆ. ಅದು ಮನುಷ್ಯರಿಗೂ ದನಕ್ಕೂ ವಿಷ. ಬಿತ್ತುವ ಮುನ್ನ 10 ಲೀಟರ್ ನೀರಿಗೆ ಒಂದು ಕೆಜಿ ಉಪ್ಪು ಕರಗಿಸಿ ಬೀಜ ಹಾಕಿ. ಗಂಟು, ಜೊಳ್ಳು ತೇಲುತ್ತವೆ. ತೇಲಿದ್ದನ್ನು ಸುಟ್ಟುಬಿಡಿ, ಮುಳುಗಿದ್ದನ್ನು ಎರಡು ಮೂರು ಸಲ ಒಳ್ಳೆಯ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಆಗಸ್ಟ್ ಬಂದರೆ ನವಣೆ ಹಾಕಿ. 85ರಿಂದ 90 ದಿನಕ್ಕೆ ಕೈಗೆ ಬರುತ್ತದೆ, ಎಕರೆಗೆ 3ರಿಂದ 4 ಕೆಜಿ ಬೀಜ, ಸಾಲಿಗೆ ಒಂದು ಅಡಿ. ಸಣ್ಣ ಕಾಳು, ಒಂದು ಇಂಚಿಗಿಂತ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಆಗಸ್ಟ್ 15 ದಾಟಿದ ಮೇಲೆ ಮಸಾರಿಗೆ ಹುರುಳಿಯೇ ಸರಿ.

ಪೂರ್ತಿ ಹೊಲಕ್ಕೆ ಒಂದೇ ಬೀಜ ಚೆಲ್ಲಬೇಡಿ. ಸಜ್ಜೆ ಎರಡು ಸಾಲು, ತೊಗರಿ ಒಂದು ಸಾಲು ಇರಲಿ. ಸೆಪ್ಟೆಂಬರ್ ಮಳೆ ಸಜ್ಜೆಯನ್ನು ಕೆಡಿಸಿದರೂ ಅದೇ ಮಳೆ ತೊಗರಿಯನ್ನು ಬದುಕಿಸುತ್ತದೆ.

ಇನ್ನೊಂದು ಮಾತು. ಮಸಾರಿಯಲ್ಲಿ ಒಂದು ಗೇಣು ಆಳದವರೆಗೆ ಹಸಿ ಇಳಿಯದೆ ಕೂರಿಗೆ ಹೂಡಬೇಡಿ. ಆ ಆಳದ ಮಣ್ಣನ್ನು ಹಿಡಿ ಕಟ್ಟಿ ನೋಡಿ: ಉಂಡೆ ಆಗಬೇಕು, ಹೆಬ್ಬೆರಳಿಂದ ಒತ್ತಿದರೆ ಒಡೆಯಬೇಕು. ಬಿತ್ತಿದ ಎರಡು ದಿನಕ್ಕೆ ಜೋರು ಮಳೆ ಬಿದ್ದು ಬಿಸಿಲು ಬಿಟ್ಟರೆ ಮೇಲ್ಮಣ್ಣು ರೊಟ್ಟಿಯಂತೆ ಗಟ್ಟಿಯಾಗಿ ಮೊಳಕೆ ಒಳಗೇ ಬಾಗುತ್ತದೆ. ಆಗ ಜಾಲಿ ಮುಳ್ಳಿನ ಕಂಟಿಯನ್ನು ಸಾಲಿಗೆ ಅಡ್ಡ ಹಗುರವಾಗಿ ಎಳೆಯಿರಿ. ಮೊಳಕೆ ಹೊರಗೆ ಕಾಣುವ ಮೊದಲೇ ಈ ಕೆಲಸ ಮುಗಿಯಬೇಕು.

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ನಮ್ಮ ಗದ್ದೆ. ನೀರು ಬರುವಷ್ಟರಲ್ಲಿ ಸಸಿ ಬಲಿತು, ನಾಟಿ ಸೆಪ್ಟೆಂಬರಿಗೆ ಹೋಗುತ್ತದೆ. ಸೋನಾ ಮಸೂರಿ ಅರ್ಧ ಜೊಳ್ಳು. ಭತ್ತ ಬಿಡಬೇಕೇ?
– ಸಿರವಾರ ಭಾಗದ ಓದುಗರು

ಉತ್ತರ: ಬಿಡುವುದೋ ಬೇಡವೋ ಅನ್ನುವುದನ್ನು ಜುಲೈ ಮಧ್ಯದೊಳಗೆ ತೀರ್ಮಾನಿಸಿ, ಸೆಪ್ಟೆಂಬರಿನಲ್ಲಿ ಅಲ್ಲ. ಸೋನಾ ಮಸೂರಿ ಎಂದು ನಾವು ಕರೆಯುವ ಬಿಪಿಟಿ 5204 ಸುಮಾರು 145ರಿಂದ 150 ದಿನದ ತಳಿ. ನಾಟಿ ತಡವಾದಷ್ಟೂ ಹೂವು ಚಳಿಯ ರಾತ್ರಿಗೆ ಸಿಕ್ಕಿ ಕಾಳು ಕಟ್ಟುವುದಿಲ್ಲ. ಗೊಬ್ಬರ ಎಷ್ಟು ಸುರಿದರೂ ಆ ಜೊಳ್ಳು ತುಂಬದು.

ಕಾಲುವೆಯನ್ನು ನಂಬಿ ಲೆಕ್ಕ ಹಾಕುವುದೂ ಕಷ್ಟವಾಗಿದೆ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಜಲಾಶಯದಿಂದಲೇ ನೀರು ಹರಿದುಹೋಯಿತು. ಈ ಯೋಜನೆ ರೂಪಿಸಿದಾಗ ಬಹುಪಾಲು ಜಮೀನಿಗೆ ಗೊತ್ತು ಮಾಡಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದರ ಬಿಸಿ ಕೆಳಭಾಗದ ನಿಮಗೆ ತಟ್ಟುತ್ತಿದೆ. ಇದು ಅನ್ಯಾಯವೇ. ಆದರೆ ಈ ಮುಂಗಾರಿಗೆ ನಿಮ್ಮ ಕೈಯಲ್ಲಿರುವುದು ನಿಮ್ಮ ಗದ್ದೆ ಮಾತ್ರ.

ಭತ್ತವೇ ಬೇಕೆಂದರೆ ನಾಟಿ ಬಿಟ್ಟು, ಬೀಜವನ್ನೇ ನೇರ ಹೊಲಕ್ಕೆ ಬಿತ್ತುವ ಕೂರಿಗೆ ಭತ್ತ ಮಾಡಿ, ಆರ್‌ಎನ್‌ಆರ್ 15048ರಂಥ 120ರಿಂದ 125 ದಿನದ ತಳಿ ಆರಿಸಿ. ಕಾಲುವೆಗೆ ಕಾಯದೆ ಜೂನ್ ಕೊನೆ, ಜುಲೈ ಮೊದಲ ಪಕ್ಷದ ಮಳೆಗೆ ಬಿತ್ತಬಹುದು. ಎಕರೆಗೆ 10ರಿಂದ 12 ಕೆಜಿ ಬೀಜ, ಸಾಲಿಗೆ 8ರಿಂದ 9 ಇಂಚು, ಆಳ ಒಂದು ಇಂಚು. ಗದ್ದೆ ಮಟ್ಟವಾಗಿರಲೇಬೇಕು. ತಗ್ಗಿನಲ್ಲಿ ನೀರು ನಿಂತರೆ ಬೀಜ ಕೊಳೆಯುತ್ತದೆ, ದಿಬ್ಬದಲ್ಲಿ ಕಳೆ ಗೆಲ್ಲುತ್ತದೆ. ಲೇಸರ್ ಲೆವೆಲರ್ ಹೊಡೆಸಿದ ದುಡ್ಡು ವ್ಯರ್ಥವಲ್ಲ.

ಕೂರಿಗೆ ಭತ್ತ ಸೋಲುವುದು ಹೆಚ್ಚಾಗಿ ಕಳೆಯಿಂದ. ಬಿತ್ತಿದ ಎರಡು ದಿನದೊಳಗೆ, ಮಣ್ಣು ಹಸಿ ಇರುವಾಗಲೇ, ಎಕರೆಗೆ 1.3 ಲೀಟರ್ ಪೆಂಡಿಮೆಥಾಲಿನ್ (ಶೇ 30 ಇಸಿ) 200 ಲೀಟರ್ ನೀರಲ್ಲಿ ಸಿಂಪಡಿಸಿ. ಒಣಮಣ್ಣಿಗೆ ಹೊಡೆದರೆ ಅದು ಕೆಲಸ ಮಾಡದು. ಉಳಿದ ಕಳೆ ಎರಡರಿಂದ ನಾಲ್ಕು ಎಲೆಯಲ್ಲಿದ್ದಾಗ, ಅಂದರೆ 20 ದಿನದ ಆಸುಪಾಸು, ಬಿಸ್ಪೈರಿಬ್ಯಾಕ್ ಸೋಡಿಯಂ (ಶೇ 10 ಎಸ್‌ಸಿ) ಎಕರೆಗೆ 100 ಮಿಲಿ. ಕಳೆ ಮೊಣಕಾಲಿಗೆ ಬಂದ ಮೇಲೆ ಇದನ್ನು ತರಬೇಡಿ.

ತಿಂಗಳ ಪೈರು ಹಳದಿಯಾದರೆ ಕೂಡಲೇ ಯೂರಿಯಾ ಎರಚಬೇಡಿ, ಬಗ್ಗಿ ಎಲೆ ನೋಡಿ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ. ಹಳೆಯ ಎಲೆ ಹಸಿರಾಗಿದ್ದು, ಹೊಸ ಸುಳಿ ನರದ ನಡುವೆ ಬಿಳಿಚಿಕೊಂಡಿದ್ದರೆ ಕಬ್ಬಿಣದ ಕೊರತೆ. ನೀರು ನಿಲ್ಲದ ಸುಣ್ಣಕಲ್ಲಿನ ಎರೆ (ಕಪ್ಪು) ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. 16 ಲೀಟರ್ ಕ್ಯಾನಿಗೆ 80 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಎರಡು ನಿಂಬೆಹಣ್ಣಿನ ರಸ ಹಾಕಿ ಸಂಜೆ ಹೊಡೆಯಿರಿ, ವಾರ ಬಿಟ್ಟು ಇನ್ನೊಮ್ಮೆ. ಕಲಸಿಟ್ಟ ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಹೊಸದು ಮಾಡಿ.

ಜುಲೈ ಮುಗಿದರೂ ಬಿತ್ತನೆ ಆಗದಿದ್ದರೆ ಆ ವರ್ಷ ಭತ್ತದ ಮಾತೇ ಬೇಡ. ಹೊಲ ಹರಗಿ ಹಿಂಗಾರಿ ಜೋಳಕ್ಕೋ ಕಡಲೆಗೋ ಇಟ್ಟುಕೊಳ್ಳಿ.

ಪ್ರಶ್ನೆ: ಎರೆ ಹೊಲದಲ್ಲಿ ಹತ್ತು ವರ್ಷದಿಂದ ಬರೀ ಕಡಲೆ. ಈಗ ಗಿಡ ಸಿಡಿಯುತ್ತಿದೆ (ಬಾಡಿ ಒಣಗುತ್ತಿದೆ), ಅಕ್ಟೋಬರ್ ಮಳೆಗೆ ಬುಡ ಕೊಳೆಯುತ್ತಿದೆ. ಮತ್ತೆ ಬಿಳಿಜೋಳಕ್ಕೆ ಹೋಗಬಹುದೇ?
– ಬಳ್ಳಾರಿ ತಾಲ್ಲೂಕಿನ ಓದುಗರು

ಉತ್ತರ: ಹೋಗಲೇಬೇಕು. ಸಿಡಿ ರೋಗದ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ, ಕಡಲೆಯ ಮೇಲೆ ಕಡಲೆ ಹಾಕಿದಷ್ಟೂ ಬೆಳೆಯುತ್ತದೆ. ಆದರೆ ಮೊದಲು ಹಾರೆಯಿಂದ ನಾಲ್ಕು ಕಡೆ ಅಗೆದು ನೋಡಿ. ಗರಸು ಸಿಗುವ ಮುನ್ನ ಮೂರು ಅಡಿ ಎರೆ ಇದ್ದರೆ ಜೋಳ ಕಾಳಿಗೆ ಬರುತ್ತದೆ. ಎರಡು ಅಡಿಗೇ ಗರಸು ಬಂದರೆ ಜನವರಿಯಲ್ಲಿ ಹಸಿ ಸಾಲದು. ಅಂಥ ಕಡೆ ಕುಸುಬೆ ಅಥವಾ ಬೇಗ ಬರುವ ಕಡಲೆಯೇ ಇರಲಿ.

ಜುಲೈನಲ್ಲೇ 15 ಅಡಿ ಚೌಕದ ಚೌಕುಮಡಿ (ಸುತ್ತ ಸಣ್ಣ ಬದುವಿನ ಮಡಿ) ಕಟ್ಟಿ, ಬಿದ್ದ ಮಳೆ ಅಲ್ಲೇ ಇಂಗಲಿ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ ಜೋಳ ಬಿತ್ತಿ: ಎಕರೆಗೆ 3 ಕೆಜಿ, ಸಾಲಿಗೆ ಒಂದೂವರೆ ಅಡಿ. ತಡವಾದರೆ ಸುಳಿ ನೊಣ ಕಾಡುತ್ತದೆ. ಆಮೇಲಿನ ಮುಖ್ಯ ಕೆಲಸ ಎಡೆ ಹೊಡೆಯುವುದು. ಎರೆ ಬಿರಿದ ಬಾಯಿಂದಲೇ ಹಸಿ ಆರಿಹೋಗುತ್ತದೆ. ಮೂರನೇ, ಐದನೇ, ಎಂಟನೇ ವಾರ ಎಡೆಕುಂಟೆ ಹಾಯಿಸಿ ಬಿರುಕು ಮುಚ್ಚಿ, ಕಳೆ ಇರಲಿ ಬಿಡಲಿ.

ಕಡಲೆ ಹಾಕುವ ಭಾಗಕ್ಕೆ ಜೆಜಿ 11 ತಳಿ ಸಾಕು, ಎಕರೆಗೆ 20ರಿಂದ 25 ಕೆಜಿ. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಬೀಜವನ್ನು ಒಂದು ಗಂಟೆ ನೆನೆಸಿ, ನೆರಳಲ್ಲಿ ಏಳು ಗಂಟೆ ಒಣಗಿಸಿ, ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಲೇಪಿಸಿ. ಮುಂಗಾರಿ ಬೆಳೆಯ ಕೂಳೆ ಅರ್ಧಂಬರ್ಧ ಕೊಳೆತಿರುವಾಗ ಬಿತ್ತಿದರೆ ಬುಡ ಕೊಳೆ ಖಂಡಿತ. ಕೂಳೆ ಆಯ್ದು ತೆಗೆಯಿರಿ, ಮಳೆ ನಿಂತು ಕುಂಟೆಗೆ ಮಣ್ಣು ಮೆತ್ತದಷ್ಟು ಆರಲಿ.

ಪ್ರಶ್ನೆ: ತಡವಾಗಿ ಬಿತ್ತಿದ ತೊಗರಿಗೆ ಸಾಲಿನ ಅಂತರ ಎಷ್ಟು? ಹೂವೂ ಉದುರುತ್ತದೆ.
– ಲಿಂಗಸುಗೂರಿನ ಓದುಗರು

ಉತ್ತರ: ಜೂನ್ ತೊಗರಿಗೆ ಮೂರರಿಂದ ನಾಲ್ಕು ಅಡಿ, ಆಗಸ್ಟಿನದಕ್ಕೆ ಎರಡು ಅಡಿ. ಹಗಲು ಗಿಡ್ಡವಾಗುತ್ತಿದ್ದಂತೆ ತೊಗರಿ ಬೇಗ ಹೂವಿಗೆ ತಿರುಗುತ್ತದೆ, ಗಿಡ ಹರಡುವುದಿಲ್ಲ. ತಳಿ ಟಿಎಸ್ 3ಆರ್ ಇರಲಿ. ಅರ್ಧ ಗಿಡ ಹೂವಾದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ (ಹೂ ಉದುರುವುದನ್ನು ತಗ್ಗಿಸುವ ಪೋಷಕಾಂಶದ ಪುಡಿ) ಲೀಟರಿಗೆ 10 ಗ್ರಾಂ, 15 ದಿನ ಬಿಟ್ಟು ಇನ್ನೊಮ್ಮೆ. ಸಿಂಪರಣೆ ನೆಲದಲ್ಲಿ ಹಸಿ ಇದ್ದಾಗ ಮಾತ್ರ.